ನೂರು ಗಂಟೆ ಆಫ್ ಆಗದ ಕಾವಲು: ದಹ್ರಾನ್, ಫೆಬ್ರವರಿ 1991

1991ರ ಫೆಬ್ರವರಿ 25, ರಾತ್ರಿ 8.40ರ ಸುಮಾರು. ಸೌದಿ ಅರೇಬಿಯಾದ ದಹ್ರಾನ್ ಪಕ್ಕದ ಅಲ್ ಖೋಬರ್‌ನಲ್ಲಿ ಒಂದು ದೊಡ್ಡ ಗೋದಾಮು. ಅದನ್ನೇ ಅಮೆರಿಕದ ಸೈನಿಕರಿಗೆ ವಸತಿ ಮಾಡಿದ್ದರು. ಇರಾಕಿನಿಂದ ಬಂದ ಒಂದು ಸ್ಕಡ್ ಕ್ಷಿಪಣಿ ಅದರ ಮೇಲೆ ಬಿತ್ತು. 28 ಜನ ಸತ್ತರು, ನೂರರ ಹತ್ತಿರ ಜನ ಗಾಯಗೊಂಡರು. ಇರಾಕ್ ಕುವೈತಿಗೆ ನುಗ್ಗಿದ್ದರಿಂದ ಶುರುವಾದ ಆ ಇಡೀ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೇನೆ ಒಂದೇ ಏಟಿಗೆ ಇಷ್ಟು ಜನರನ್ನು ಕಳೆದುಕೊಂಡದ್ದು ಬೇರೆ ಎಲ್ಲೂ ಇಲ್ಲ.

ಆ ಊರಿಗೆ ಕಾವಲು ಇರಲಿಲ್ಲವಾ? ಇತ್ತು. ಇಂಥ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯಲು ಅಂತಲೇ ತಂದು ನಿಲ್ಲಿಸಿದ್ದ ಪೇಟ್ರಿಯಾಟ್ ಬ್ಯಾಟರಿ, ಅಂದರೆ ಕ್ಷಿಪಣಿ ಹಾರಿಸುವ ಘಟಕ, ಅಲ್ಲೇ ಇತ್ತು. ಆನ್ ಆಗಿತ್ತು. ಸಿಬ್ಬಂದಿ ಕೆಲಸದ ಮೇಲಿದ್ದರು. ಆದರೂ ಆ ಸ್ಕಡ್ ಮೇಲೆ ಒಂದು ಕ್ಷಿಪಣಿಯೂ ಹಾರಲಿಲ್ಲ.

ಕರಾವಳಿಯ ಎಷ್ಟೋ ಮನೆಯವರಿಗೆ ಖೋಬರ್, ದಮಾಮ್, ಜುಬೈಲ್ ಅಂದರೆ ಪಕ್ಕದ ಊರಿನ ಹೆಸರಿದ್ದ ಹಾಗೆ. ಆದರೆ ಈ ಘಟನೆ ನಮ್ಮಲ್ಲಿ ಗೊತ್ತಿರುವುದು ಹೆಚ್ಚಾಗಿ ಸಾಫ್ಟ್‌ವೇರ್ ಓದಿದವರಿಗೆ. ಕ್ಲಾಸಿನಲ್ಲಿ ಇದನ್ನು "ದಶಮಾಂಶದ ತಪ್ಪು" ಅಂತ ಎರಡು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ನಾನೂ ಮೊದಲು ಹಾಗೇ ಕೇಳಿದ್ದು. ಆಮೇಲೆ, 1992ರ ಫೆಬ್ರವರಿಯಲ್ಲಿ ಬಂದ ಅಮೆರಿಕದ ಲೆಕ್ಕ ತಪಾಸಣೆ ಕಚೇರಿಯ ವರದಿ ಓದಿದೆ. ಅದು ನಮ್ಮ ಸಿಎಜಿ ಇದ್ದ ಹಾಗೆ. ಓದಿ ಮುಗಿಸಿದ ಮೇಲೆ ಆ ದಶಮಾಂಶಕ್ಕಿಂತ ಬೇರೆಯೇ ಒಂದು ವಿಷಯ ತಲೆಯಲ್ಲಿ ಕೂತಿತು. ಈ ಬರಹ ಅದರ ಬಗ್ಗೆ. ಯಾರ ಹೆಸರನ್ನೂ, ಯಾವ ತುಕಡಿಯ ನಂಬರನ್ನೂ ಇಲ್ಲಿ ಹಾಕುವುದಿಲ್ಲ. ಒಬ್ಬ ವ್ಯಕ್ತಿಯನ್ನು ಹಿಡಿದು ನಿಲ್ಲಿಸುವಂಥ ಪ್ರಕರಣವೂ ಇದಲ್ಲ.

ಈ ದಳದ ಕೆಲಸ ಏನು

ಪೇಟ್ರಿಯಾಟ್ ಓಡಿಸಲು ಅಮೆರಿಕದ ಭೂಸೇನೆಯಲ್ಲಿ ಏರ್ ಡಿಫೆನ್ಸ್ ಆರ್ಟಿಲರಿ ಅಂತ ಒಂದು ಪ್ರತ್ಯೇಕ ಶಾಖೆ ಇದೆ. 1968ರವರೆಗೆ ಅದು ಫಿರಂಗಿ ದಳದ ಜೊತೆಗೇ ಇತ್ತು, ಆಮೇಲೆ ಬೇರೆಯಾಯಿತು. ನಮ್ಮಲ್ಲೂ ಕಥೆ ಇದೇ ತರಹದ್ದು. ಭಾರತದ ಭೂಸೇನೆಯ ಏರ್ ಡಿಫೆನ್ಸ್ ಕೋರ್ ಫಿರಂಗಿ ದಳದಿಂದ ಹೊರಬಂದು 1994ರಲ್ಲಿ ತನ್ನದೇ ಕೋರ್ ಆಯಿತು, ಅದರ ಧ್ಯೇಯವಾಕ್ಯ "ಆಕಾಶೇ ಶತ್ರೂನ್ ಜಹಿ".

ವಾಯುಪಡೆ ಇರುವಾಗ ಭೂಸೇನೆಗೆ ಇದೆಲ್ಲ ಯಾಕೆ ಅಂತ ತುಂಬ ಜನ ಕೇಳುತ್ತಾರೆ. ವಿಮಾನ ಹಾರಿಹೋಗಿ ಹೊಡೆದು ವಾಪಸ್ ಬರುತ್ತದೆ. ಆದರೆ ಒಂದು ಬಂದರು, ಒಂದು ಸೇತುವೆ, ಒಂದು ಮದ್ದುಗುಂಡಿನ ಡಿಪೋ, ಮುಂದೆ ಸಾಗುತ್ತಿರುವ ಟ್ಯಾಂಕುಗಳ ಸಾಲು, ಇವುಗಳ ತಲೆಯ ಮೇಲಿನ ಆಕಾಶವನ್ನು ಹಗಲು ರಾತ್ರಿ ನೋಡುತ್ತಾ ಕೂರಲು ನೆಲದ ಮೇಲೆ ಜನ ಬೇಕು. ಅದೇ ಈ ದಳ. ಇದರ ಕೆಲಸದಲ್ಲಿ ಮುಕ್ಕಾಲು ಪಾಲು ಕಾಯುವುದು. ಗಂಟೆಗಟ್ಟಲೆ, ದಿನಗಟ್ಟಲೆ ಏನೂ ಆಗುವುದಿಲ್ಲ. ಆಗುವುದು ಆಮೇಲೆ ಒಂದೆರಡು ನಿಮಿಷದಲ್ಲಿ ಆಗಿ ಮುಗಿದುಹೋಗುತ್ತದೆ.

ಬ್ಯಾಟರಿ ಅಂದರೆ ಇಲ್ಲಿ ಟಾರ್ಚಿನ ಸೆಲ್ ಅಲ್ಲ, ಫಿರಂಗಿ ದಳದ ಒಂದು ಘಟಕ. ಪೇಟ್ರಿಯಾಟ್ ಬ್ಯಾಟರಿಯಲ್ಲಿ ಟ್ರೇಲರ್ ಮೇಲೆ ಕೂತ ಒಂದು ದೊಡ್ಡ ಚಪ್ಪಟೆ ಮುಖದ ರೇಡಾರ್ ಇರುತ್ತದೆ. ಒಂದು ಲಾರಿಯ ಮೇಲೆ ಡಬ್ಬಿಯಂಥ ಕೋಣೆ, ಅದರೊಳಗೆ ಕಂಪ್ಯೂಟರ್, ಪರದೆಗಳು, ಅವುಗಳ ಮುಂದೆ ಮೂವರು. ಸ್ವಲ್ಪ ದೂರದಲ್ಲಿ ಲಾಂಚರ್‌ಗಳು, ಆಗ ಒಂದೊಂದರಲ್ಲೂ ನಾಲ್ಕು ಕ್ಷಿಪಣಿ.

ಒಂದು ವಿಷಯ ಇಲ್ಲೇ ಗಟ್ಟಿ ಮಾಡಿಕೊಳ್ಳಿ. ಪೇಟ್ರಿಯಾಟ್ ಹುಟ್ಟಿದ್ದು ಸ್ಕಡ್‌ಗೋಸ್ಕರ ಅಲ್ಲ, ಮರಳುಗಾಡಿಗೋಸ್ಕರವೂ ಅಲ್ಲ. ಯುರೋಪಿನಲ್ಲಿ ಸೋವಿಯತ್ ವಿಮಾನಗಳು, ಕ್ರೂಸ್ ಕ್ಷಿಪಣಿಗಳು ಬಂದರೆ ಹೊಡೆಯಲಿ ಅಂತ ಮಾಡಿದ್ದು. ಅಂದರೆ ಶಬ್ದದ ಎರಡು ಪಟ್ಟು ವೇಗದ ಗುರಿಗಳು. ಅಲ್ಲಿ ಒಂದೇ ಜಾಗದಲ್ಲಿ ರೇಡಾರ್ ಹಾಕಿಕೊಂಡು ಕೂತರೆ ಶತ್ರುವಿಗೆ ಸುಳಿವು ಸಿಗುತ್ತದೆ. ಹಾಗಾಗಿ ಕೆಲವು ಗಂಟೆ ನಿಲ್ಲಬೇಕು, ಕಟ್ಟಿಕೊಂಡು ಮುಂದೆ ಹೋಗಬೇಕು. ಹೊಸ ಜಾಗದಲ್ಲಿ ನಿಂತಾಗ ಎಲ್ಲ ಮತ್ತೆ ಆನ್ ಮಾಡುತ್ತಾರೆ, ಗಡಿಯಾರ ಸೊನ್ನೆಯಿಂದ ಶುರು. ದಿನಗಟ್ಟಲೆ ಆಫ್ ಆಗದೆ ಓಡುವ ಪೇಟ್ರಿಯಾಟ್ ಅದನ್ನು ಮಾಡಿದವರ ಕಲ್ಪನೆಯಲ್ಲೇ ಇರಲಿಲ್ಲ.

ದಹ್ರಾನಿನಲ್ಲಿ ಎಲ್ಲ ಉಲ್ಟಾ. ಕಾಯಬೇಕಾದದ್ದು ವಾಯುನೆಲೆ, ಅದು ಎಲ್ಲಿಗೂ ಹೋಗುವುದಿಲ್ಲ. ಸ್ಕಡ್ ಯಾವಾಗ ಬೇಕಾದರೂ ಬರಬಹುದು, ಬಂದರೆ ಶಬ್ದದ ಐದು ಪಟ್ಟು ವೇಗದಲ್ಲಿ, ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಜಾಸ್ತಿ. ಹಾಗಾಗಿ ಬ್ಯಾಟರಿಯನ್ನು ಆಫ್ ಮಾಡುವ ಮಾತೇ ಇಲ್ಲ. ಫೆಬ್ರವರಿ 25ರ ರಾತ್ರಿ ಹೊತ್ತಿಗೆ ಆ ಬ್ಯಾಟರಿ ನೂರು ಗಂಟೆಗೂ ಜಾಸ್ತಿ ಒಂದೇ ಸಮನೆ ಓಡಿತ್ತು.

ಸಮಸ್ಯೆ ಎಲ್ಲಿ ಕೂತಿತ್ತು

ರೇಡಾರ್ ಹೇಗೆ ಗುರಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ ಮೊದಲು ನೋಡೋಣ. ಆಕಾಶದಲ್ಲಿ ಏನೋ ಕಂಡಿತು ಅಂದುಕೊಳ್ಳಿ. ಅದು ಸ್ಕಡ್ಡೇ ಆಗಿದ್ದರೆ ಮುಂದಿನ ಕ್ಷಣದಲ್ಲಿ ಎಲ್ಲಿರಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆಮೇಲೆ ಆಕಾಶದ ಆ ಒಂದು ಚಿಕ್ಕ ಜಾಗವನ್ನು ಮಾತ್ರ, ಒಂದು ಕಿಟಕಿಯಲ್ಲಿ ನೋಡಿದ ಹಾಗೆ, ನೋಡುತ್ತದೆ. ಅಲ್ಲಿ ಸಿಕ್ಕಿತೋ, ಸರಿ, ಇದು ನಿಜವಾದ ಗುರಿ. ಸಿಗಲಿಲ್ಲವೋ, ಮೊದಲು ಕಂಡದ್ದು ಸುಮ್ನೆ ಏನೋ ಮಿಂಚಿದ್ದು ಅಂತ ಬಿಟ್ಟುಬಿಡುತ್ತದೆ.

ಮೈಸೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸಿನ ಲೆಕ್ಕ ಹಾಕಿ. ಮದ್ದೂರಿನಲ್ಲಿ ಇಷ್ಟು ಗಂಟೆಗೆ ಕಂಡಿತು, ವೇಗ ಇಷ್ಟು, ಹಾಗಾದರೆ ಇಷ್ಟು ಹೊತ್ತಿಗೆ ಚನ್ನಪಟ್ಟಣದಲ್ಲಿ ಇರಬೇಕು. ನೀವು ಚನ್ನಪಟ್ಟಣದ ಸ್ಟ್ಯಾಂಡಿನಲ್ಲಿ ಮಾತ್ರ ಒಂದು ಕ್ಷಣ ಕಣ್ಣು ಹಾಯಿಸುತ್ತೀರಿ. ನಿಮ್ಮ ವಾಚು ತಪ್ಪಿದ್ದರೆ ಬಸ್ಸು ಆಗ ಬೇರೆಲ್ಲೋ ಇರುತ್ತದೆ. ಬಸ್ಸೇ ಬರಲಿಲ್ಲ ಅಂತ ನೀವು ಬರೆದುಕೊಳ್ಳುತ್ತೀರಿ.

ಪೇಟ್ರಿಯಾಟ್‌ನ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಒಂದು ಎಣಿಕೆ ಅಂತ ಎಣಿಸುತ್ತಿತ್ತು. ಎಣಿಕೆ ಸರಿಯಾಗೇ ಇತ್ತು. ಅದನ್ನು ಸೆಕೆಂಡಿಗೆ ತರಲು ಹತ್ತನೇ ಒಂದರಿಂದ ಗುಣಿಸಬೇಕು. ತೊಂದರೆ ಇರುವುದು ಇಲ್ಲೇ. ಒಂದು ರೂಪಾಯಿಯನ್ನು ಮೂವರಿಗೆ ಸಮನಾಗಿ ಹಂಚಿ ನೋಡಿ: ತಲಾ 33 ಪೈಸೆ, ಒಂದು ಪೈಸೆ ಉಳಿದೇ ಉಳಿಯುತ್ತದೆ. ನಮ್ಮ ದಶಮಾಂಶದಲ್ಲಿ ಮೂರನೇ ಒಂದು ಹೇಗೆ ಮುಗಿಯುವುದಿಲ್ಲವೋ, ಸೊನ್ನೆ ಮತ್ತು ಒಂದರಲ್ಲಿ ಲೆಕ್ಕ ಮಾಡುವ ಕಂಪ್ಯೂಟರಿಗೆ ಹತ್ತನೇ ಒಂದು ಹಾಗೇ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಬೇಕು. 1970ರ ದಶಕದ ವಿನ್ಯಾಸದ ಆ ಯಂತ್ರದಲ್ಲಿ ಜಾಗ ಇದ್ದದ್ದು 24 ಬಿಟ್, ಅಂದರೆ ಸೊನ್ನೆ-ಒಂದರ 24 ಅಂಕೆ. ಅಲ್ಲಿಗೆ ಕತ್ತರಿಸಿದರು.

ಕತ್ತರಿಸಿದ ಚೂರು ಎಷ್ಟು ದೊಡ್ಡದು? ಸೆಕೆಂಡನ್ನು ಒಂದು ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದಕ್ಕಿಂತ ಸ್ವಲ್ಪ ಕಮ್ಮಿ. ಇದಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೆ ನೂರು ಗಂಟೆಯಲ್ಲಿ ಅಂಥ ಎಣಿಕೆ 36 ಲಕ್ಷ. ಎಲ್ಲ ಸೇರಿ ಸುಮಾರು 0.34 ಸೆಕೆಂಡ್. ವಿಮಾನವಾಗಿದ್ದರೆ ಅಷ್ಟರಲ್ಲಿ ಅಷ್ಟೇನೂ ದೂರ ಹೋಗುತ್ತಿರಲಿಲ್ಲ. ಸ್ಕಡ್ ವಿಷಯದಲ್ಲಿ ಆ ಕಿಟಕಿ ಎಷ್ಟು ಸರಿಯುತ್ತದೆ ಅಂತ ವರದಿ ಪಟ್ಟಿಯನ್ನೇ ಕೊಟ್ಟಿದೆ. 8 ಗಂಟೆ ಓಡಿದರೆ 55 ಮೀಟರ್. 20 ಗಂಟೆಗೆ 137 ಮೀಟರ್, ಅಷ್ಟು ಹೊತ್ತಿಗೆ ಗುರಿ ಕಿಟಕಿಯ ಹೊರಗೆ ಹೋಗಿಬಿಡುತ್ತದೆ. 100 ಗಂಟೆಗೆ 687 ಮೀಟರ್.

ಅಂದರೆ ಆ ರಾತ್ರಿ ರೇಡಾರ್ ನೋಡಿದ್ದು ಖಾಲಿ ಆಕಾಶವನ್ನು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ, ನನಗೆ ಇದೇ ಜಾಸ್ತಿ ನೋವು ಕೊಟ್ಟದ್ದು. ಮದ್ದೂರಿನಲ್ಲಿ ನೋಡಿದ್ದೂ ಚನ್ನಪಟ್ಟಣದಲ್ಲಿ ನೋಡಿದ್ದೂ ಒಂದೇ ತಪ್ಪು ವಾಚಿನಿಂದ ಆಗಿದ್ದರೆ ಏನೂ ತೊಂದರೆ ಇಲ್ಲ ಅಲ್ವಾ? ವಾಚು ಎರಡೂ ಕಡೆ ಅಷ್ಟೇ ಹಿಂದೆ, ಮಧ್ಯದ ಅಂತರ ಸರಿಯಾಗೇ ಬರುತ್ತದೆ. ಪೇಟ್ರಿಯಾಟ್‌ನಲ್ಲೂ ಹಾಗೇ ಆಗಬಹುದಿತ್ತು. ಆದರೆ ವೇಗದ ಕ್ಷಿಪಣಿಗಳಿಗೆ ಸಮಯ ಇನ್ನೂ ನಿಖರವಾಗಿ ಬೇಕು ಅಂತ ಮೊದಲೇ ಒಂದು ಸುಧಾರಣೆ ಮಾಡಿದ್ದರು. ಹೆಚ್ಚು ನಿಖರವಾಗಿ ಗುಣಿಸುವ ಹೊಸ ತುಣುಕೊಂದನ್ನು ಪ್ರೋಗ್ರಾಮಿಗೆ ಸೇರಿಸಿದ್ದರು. ಅದನ್ನು ಬೇಕಾದ ಎಲ್ಲ ಕಡೆಯೂ ಹಾಕಲಿಲ್ಲ. ಕೆಲವು ಕಡೆ ಹೊಸದು, ಕೆಲವು ಕಡೆ ಹಳೆಯದು. ಒಂದು ಕಣ್ಣು ಸರಿಯಾದ ವಾಚು ನೋಡುತ್ತಿತ್ತು, ಇನ್ನೊಂದು ಕಣ್ಣು ಹಿಂದೆ ಬಿದ್ದ ವಾಚು. ತಪ್ಪು ತಪ್ಪಿಗೆ ವಜಾ ಆಗುವ ದಾರಿ ಮುಚ್ಚಿಹೋಯಿತು. ಅರ್ಧ ರಿಪೇರಿ ರಿಪೇರಿ ಮಾಡದೇ ಇದ್ದದ್ದಕ್ಕಿಂತ ಕೆಟ್ಟದಾಯಿತು.

ಏನೇನು ಮಾಡಿದರು

ಯಾರೂ ಕೈಕಟ್ಟಿ ಕೂತಿರಲಿಲ್ಲ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿತಲ್ಲ, ಆಗಿನಿಂದ 1991ರ ಫೆಬ್ರವರಿಯವರೆಗೆ ಪೇಟ್ರಿಯಾಟ್ ಸಾಫ್ಟ್‌ವೇರನ್ನು ಆರು ಸಲ ಬದಲಾಯಿಸಿದ್ದರು. ಯುದ್ಧದ ಮಧ್ಯೆ ಹೊಸ ಶತ್ರುವಿನ ನಡೆ ನೋಡಿ ನೋಡಿ ಕಲಿಯುತ್ತಿದ್ದರು.

ಕಲಿಯಲು ಮಾಹಿತಿ ಬೇಕು. ಮೊದಲ ತಿರುವು ಇದೇ. ಪೇಟ್ರಿಯಾಟ್‌ಗೆ ಹೊರಗಿನಿಂದ ಒಂದು ರೆಕಾರ್ಡರ್ ಹಾಕಿ, ಅದು ಏನು ನೋಡಿತು, ಏನು ಲೆಕ್ಕ ಹಾಕಿತು ಅಂತ ದಾಖಲು ಮಾಡಬಹುದಿತ್ತು. ಸೌದಿಯಲ್ಲಿದ್ದ ಅಮೆರಿಕದ ಕಮಾಂಡರ್‌ಗಳು ಅದನ್ನು ಹಾಕಲಿಲ್ಲ. ರೆಕಾರ್ಡರಿನಿಂದ ಸಿಸ್ಟಮ್ ಇದ್ದಕ್ಕಿದ್ದಂತೆ ನಿಂತುಬಿಟ್ಟರೆ ಏನು ಗತಿ ಅನ್ನುವ ಭಯ. ಈ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ತಲೆ ಮೇಲೆ ಕ್ಷಿಪಣಿ ಬರುತ್ತಿರುವಾಗ ಓಡುತ್ತಿರುವ ಯಂತ್ರಕ್ಕೆ ಹೊಸ ವೈರು ಚುಚ್ಚಲು ಯಾರಿಗೆ ಧೈರ್ಯ ಬರುತ್ತದೆ? ಆದರೆ ಅದರ ಬೆಲೆ ಏನು ಅಂತ ಆಗ ಕಾಣಲಿಲ್ಲ. ಯಂತ್ರ ಒಳಗೊಳಗೇ ಜಾರುತ್ತಿದ್ದರೆ ಅದು ಗೊತ್ತಾಗುವ ಒಂದೇ ದಾರಿಯನ್ನು ಅವರೇ ಬಿಟ್ಟುಕೊಟ್ಟಿದ್ದರು.

ಇಸ್ರೇಲಿನಲ್ಲೂ ಪೇಟ್ರಿಯಾಟ್ ಇತ್ತು, ಅಲ್ಲಿನವರು ರೆಕಾರ್ಡರ್ ಹಾಕಿದರು. ಅವರಿಗೆ ಗೊತ್ತಾಯಿತು. ಫೆಬ್ರವರಿ 11ರಂದು ಅಮೆರಿಕದ ಭೂಸೇನೆಯ ಪೇಟ್ರಿಯಾಟ್ ಯೋಜನಾ ಕಚೇರಿಗೆ ಅವರ ಮಾಹಿತಿ ತಲುಪಿತು: 8 ಗಂಟೆ ಒಂದೇ ಸಮನೆ ಓಡಿದ ಮೇಲೆ ಕಿಟಕಿ ಶೇಕಡಾ 20ರಷ್ಟು ಸರಿದಿದೆ.

ಇದು ಎರಡನೇ ತಿರುವು. ಘಟನೆಗೆ ಎರಡು ವಾರ ಮೊದಲೇ, ಸರಿಯಾದ ಕಚೇರಿಯ ಮೇಜಿನ ಮೇಲೆ, ಗಂಟೆ ಮತ್ತು ಶೇಕಡಾ ಎರಡೂ ಇರುವ ಸ್ಪಷ್ಟ ಅಂಕಿ ಬಂದು ಕೂತಿತ್ತು. ಅಲ್ಲಿಂದ 20 ಗಂಟೆಯ ಗಡಿ ಕಂಡುಹಿಡಿಯಲು ಹೈಸ್ಕೂಲು ಲೆಕ್ಕ ಸಾಕು. ಎಂಟು ಗಂಟೆಗೆ ಇಪ್ಪತ್ತಾದರೆ, ಐವತ್ತಕ್ಕೆ ಎಷ್ಟು? ಗುರಿ ಕಿಟಕಿಯ ನಡುವೆ ಇರುತ್ತದಲ್ಲ, ಅರ್ಧ ಸರಿದರೆ ಹೊರಗೆ. ಇಪ್ಪತ್ತು ಗಂಟೆ.

ಕಚೇರಿಯವರು ಲೆಕ್ಕವನ್ನು ಮುಂದಕ್ಕೆ ಒಯ್ಯಲಿಲ್ಲ. ಇಸ್ರೇಲಿನವರು ಓಡಿಸಿದ ರೀತಿ ವಿಶೇಷ, ನಮ್ಮವರು ಯಾರೂ ಬ್ಯಾಟರಿಯನ್ನು ಅಷ್ಟು ಹೊತ್ತು ಓಡಿಸುವುದಿಲ್ಲ ಅಂತ ನಂಬಿದರು. ಕಾಗದದ ಮೇಲೆ ಆ ನಂಬಿಕೆ ಸರಿ, ಯಂತ್ರವನ್ನು ಮಾಡಿದ್ದೇ ಹಾಗೆ. ಆದರೆ ದಹ್ರಾನಿಗೆ ಫೋನ್ ಮಾಡಿ "ನಿಮ್ಮದು ಎಷ್ಟು ಗಂಟೆ ಆಯಿತು ಆನ್ ಮಾಡಿ?" ಅಂತ ಕೇಳಿದ್ದರೆ ಸಾಕಿತ್ತು.

ಆದರೂ ಅವರು ಸಾಫ್ಟ್‌ವೇರ್ ತಿದ್ದಿದರು. ಫೆಬ್ರವರಿ 16ಕ್ಕೆ ತಿದ್ದಿದ ಆವೃತ್ತಿ ಬಿಡುಗಡೆ ಆಯಿತು. ಐದೇ ದಿನ. ಸಾಫ್ಟ್‌ವೇರ್ ಕೆಲಸ ಗೊತ್ತಿರುವವರಿಗೆ ಇದು ಎಷ್ಟು ಬೇಗ ಅಂತ ಅರ್ಥವಾಗುತ್ತದೆ. ಆದರೆ ಆ ಕಾಲದಲ್ಲಿ ಅದು ವೈಫೈಯಲ್ಲಿ ಇಳಿಯುವ ಅಪ್ಡೇಟ್ ಅಲ್ಲ. ಯುದ್ಧ ನಡೆಯುತ್ತಿರುವ ಜಾಗಕ್ಕೆ ವಿಮಾನದಲ್ಲಿ, ಲಾರಿಯಲ್ಲಿ, ಒಂದೊಂದೇ ಬ್ಯಾಟರಿಗೆ ಮುಟ್ಟಿಸಬೇಕು.

ಫೆಬ್ರವರಿ 21ರಂದು ಎಲ್ಲ ಬ್ಯಾಟರಿಗಳಿಗೂ ಒಂದು ಸಂದೇಶ ಹೋಯಿತು. ಅದರ ಸಾರ ಇಷ್ಟು: ತುಂಬ ಹೊತ್ತು ಓಡಿಸಿದರೆ ಕಿಟಕಿ ಸರಿದು ಗುರಿ ತಪ್ಪಬಹುದು, ಸಾಫ್ಟ್‌ವೇರ್ ಬರುತ್ತಿದೆ.

ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ಬಂದು ನಿಲ್ಲುವುದು ಈ ಸಂದೇಶದ ಮುಂದೆ. "ತುಂಬ ಹೊತ್ತು" ಅಂದರೆ ಎಷ್ಟು? ಬರೆದವರ ಕೈಯಲ್ಲಿ 8 ಗಂಟೆ ಅನ್ನುವ ಅಂಕಿ ಇತ್ತು, ಅದನ್ನು ಹಾಕಲಿಲ್ಲ. ಓದಿದವರು ಏನು ಮಾಡಬೇಕು? ಅದೂ ಇಲ್ಲ. ಆದರೆ ಮಾಡಬೇಕಾದದ್ದು ಇತ್ತು, ಮತ್ತು ಅದು ಬಹಳ ಸುಲಭದ್ದು: ಕಂಪ್ಯೂಟರನ್ನು ಒಂದು ಸಲ ಆಫ್ ಮಾಡಿ ಆನ್ ಮಾಡುವುದು. ಗಡಿಯಾರ ಸೊನ್ನೆಗೆ ಬರುತ್ತದೆ, ಕೂಡಿಟ್ಟ ತಪ್ಪೆಲ್ಲ ಅಳಿಸಿಹೋಗುತ್ತದೆ. ಅದಕ್ಕೆ ಹಿಡಿಯುವ ಸಮಯ 60ರಿಂದ 90 ಸೆಕೆಂಡ್.

ಆ ರಾತ್ರಿ

ಫೆಬ್ರವರಿ 24ರಂದು ನೆಲದ ಮೇಲಿನ ಯುದ್ಧ ಶುರುವಾಯಿತು. ಮರುದಿನ ರಾತ್ರಿ ಆ ಸ್ಕಡ್ ಬಂತು. ಆಗಿದ್ದನ್ನು ಆಗಲೇ ಹೇಳಿದ್ದೇನೆ.

ಸತ್ತವರಲ್ಲಿ 13 ಜನ ಪೆನ್ಸಿಲ್ವೇನಿಯಾದ ಒಂದೇ ಸಣ್ಣ ಮೀಸಲು ತುಕಡಿಯವರು. ಒಟ್ಟು 69 ಜನರ ತುಕಡಿ, ಇನ್ನೂ 43 ಜನರಿಗೆ ಗಾಯ. ಅವರ ಕೆಲಸ ನೀರು ಶುದ್ಧ ಮಾಡುವುದು. ಊರಿನಲ್ಲಿ ಬೇರೆ ಬೇರೆ ಉದ್ಯೋಗ ಇದ್ದು, ಕರೆದಾಗ ಯೂನಿಫಾರ್ಮ್ ಹಾಕುವ ಜನ. ಸೌದಿಗೆ ಬಂದು ಆರು ದಿನ ಆಗಿತ್ತು ಅಷ್ಟೇ. ಏರ್ ಡಿಫೆನ್ಸ್ ಕಾಯುವುದು ವಾಯುನೆಲೆಯನ್ನು, ಬಂದರನ್ನು ಅಂತ ನಕ್ಷೆಯಲ್ಲಿ ಬರೆದಿರುತ್ತದೆ, ಆದರೆ ನಿಜವಾಗಿ ಅದು ಕಾಯುವುದು ಇಂಥವರನ್ನು.

ಆ ಲಾರಿಯ ಡಬ್ಬಿಯೊಳಗೆ ಪರದೆ ನೋಡುತ್ತಾ ಕೂತಿದ್ದವರ ಬಗ್ಗೆಯೂ ಯೋಚಿಸುತ್ತೇನೆ. ಅವರು ನಿದ್ದೆ ಮಾಡಿರಲಿಲ್ಲ, ಎದ್ದು ಹೋಗಿರಲಿಲ್ಲ. ಯಂತ್ರದಲ್ಲಿ ಕೆಂಪು ದೀಪ ಹತ್ತಲಿಲ್ಲ, ಗಂಟೆ ಬಾರಿಸಲಿಲ್ಲ. ಅಲ್ಲಿ ಕಾವಲು ಅಂದರೆ ಒಂದು ಕ್ಷಣವೂ ಯಂತ್ರ ಆಫ್ ಮಾಡದೆ ಕಾಯುವುದು. ಅವರು ಅದನ್ನು ನೂರು ಗಂಟೆ ಪಾಲಿಸಿದರು, ಪಾಲಿಸಿದಷ್ಟೂ ಯಂತ್ರ ಕುರುಡಾಗುತ್ತಾ ಹೋಯಿತು. ಇದನ್ನು ಅವರ ತಪ್ಪು ಅನ್ನಲು ನನ್ನ ಬಾಯಿ ಬರುವುದಿಲ್ಲ.

ಕಿಟಕಿ ಸರಿಯಿದ್ದಿದ್ದರೆ ಆ ಸ್ಕಡ್ ಖಂಡಿತ ಬೀಳುತ್ತಿತ್ತು ಅಂತಲೂ ನಾನು ಹೇಳುವುದಿಲ್ಲ. ಆ ಯುದ್ಧದಲ್ಲಿ ಪೇಟ್ರಿಯಾಟ್ ನಿಜವಾಗಿ ಎಷ್ಟು ಸ್ಕಡ್ ಹೊಡೆಯಿತು ಅನ್ನುವುದರ ಮೇಲೆ ಆಮೇಲೆ ದೊಡ್ಡ ಜಗಳವೇ ಆಗಿದೆ. ಆದರೆ ಪ್ರಯತ್ನ ಮಾಡುವ ಒಂದು ಅವಕಾಶ ಇರಬೇಕಿತ್ತು. ಅದೂ ಇರಲಿಲ್ಲ.

ತಿದ್ದಿದ ಸಾಫ್ಟ್‌ವೇರ್ ದಹ್ರಾನ್ ತಲುಪಿದ್ದು ಫೆಬ್ರವರಿ 26ಕ್ಕೆ. 28ಕ್ಕೆ ಕದನವಿರಾಮ.

ಇದರಿಂದ ನಾವು ಏನು ಹಿಡಿದುಕೊಳ್ಳಬೇಕು

ಬಿಟ್, ದಶಮಾಂಶ ಎಲ್ಲ ಕಲಿಯಬೇಕು, ಸರಿ. ಆದರೆ ತಪ್ಪು ಫೆಬ್ರವರಿ 11ಕ್ಕೇ ಸಿಕ್ಕಿಬಿದ್ದಿತ್ತು, 16ಕ್ಕೇ ರಿಪೇರಿ ಆಗಿತ್ತು. ಜನ ಸತ್ತದ್ದು 25ಕ್ಕೆ. ಹಾಗಾಗಿ ಈ ಪ್ರಕರಣವನ್ನು "ಕಂಪ್ಯೂಟರ್ ತಪ್ಪು" ಅಂತ ಕರೆದರೆ ನಡುವಿನ ಆ ದಿನಗಳು ಕಣ್ಣಿಗೆ ಬೀಳುವುದೇ ಇಲ್ಲ. ಗೊತ್ತಿದ್ದವರಿಂದ ಯಂತ್ರ ಓಡಿಸುವವರಿಗೆ ಮಾತು ದಾಟಲಿಲ್ಲ. ಇಲ್ಲಿ ಕೈತಪ್ಪಿದ್ದು ಅದು.

ಯಂತ್ರದ ಬಳಕೆ ಬದಲಾದಾಗ ಅದರ ಹಳೆಯ ಊಹೆಗಳನ್ನು ಯಾರಾದರೂ ಕೂತು ಒಂದೊಂದಾಗಿ ಓದಬೇಕು. ವಿಮಾನ ಹೋಗಿ ಸ್ಕಡ್ ಬಂದದ್ದನ್ನು ಎಲ್ಲರೂ ಗಮನಿಸಿದರು, ಅದಕ್ಕೆ ತಕ್ಕ ಹಾಗೆ ಆರು ಸಲ ತಿದ್ದಿದರು. ಓಡಾಡುವ ಬ್ಯಾಟರಿ ಒಂದೇ ಜಾಗದಲ್ಲಿ ಕೂತದ್ದನ್ನು ಯಾರೂ ಬದಲಾವಣೆ ಅಂತ ಎಣಿಸಲೇ ಇಲ್ಲ.

ಇದು ನಮಗೆ ದೂರದ ವಿಷಯವೂ ಅಲ್ಲ. ಆಕಾಶ್ ಕ್ಷಿಪಣಿಯ ರಾಜೇಂದ್ರ ರೇಡಾರ್ ರೂಪುಗೊಂಡದ್ದು ಬೆಂಗಳೂರಿನ ಎಲ್‌ಆರ್‌ಡಿಇ ಅನ್ನುವ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ. ರೇಡಾರ್‌ಗಳನ್ನೂ ಆಯುಧಗಳನ್ನೂ ಒಂದಕ್ಕೊಂದು ಜೋಡಿಸುವ ಆಕಾಶ್‌ತೀರ್ ವ್ಯವಸ್ಥೆಯನ್ನು ನಮ್ಮ ಏರ್ ಡಿಫೆನ್ಸ್ ಕೋರ್‌ಗೆ ಮಾಡಿಕೊಡುತ್ತಿರುವುದು ಬಿಇಎಲ್. ಅಂಥ ಕೆಲಸದಲ್ಲಿರುವವರು ನಮ್ಮ ಬೀದಿಯಲ್ಲೇ, ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದಾರೆ. ಅಷ್ಟು ದೊಡ್ಡ ಕೆಲಸ ಅಲ್ಲದಿದ್ದರೂ, ಆಸ್ಪತ್ರೆಯ ಯಂತ್ರಕ್ಕೋ ಲಿಫ್ಟಿಗೋ ಪ್ರೋಗ್ರಾಮ್ ಬರೆಯುವವರು ಇನ್ನೂ ಜಾಸ್ತಿ. ನಾನೂ ಸಾಫ್ಟ್‌ವೇರ್ ಕೆಲಸದವನೇ. "ದೀರ್ಘಕಾಲ ಬಳಸಿದರೆ ಸಮಸ್ಯೆ ಆಗಬಹುದು" ಅನ್ನುವಂಥ ಸಾಲನ್ನು ನಾನೇ ಎಷ್ಟೋ ಸಲ ಬರೆದು ಕಳಿಸಿದ್ದೇನೆ. ಈ ವರದಿ ಓದಿದ ಮೇಲೆ ಹಾಗೆ ಬರೆಯಲು ಕೈ ಬರುತ್ತಿಲ್ಲ. ಎಷ್ಟು ಹೊತ್ತು ಅಂತ ಅಂಕಿ ಹಾಕುತ್ತೇನೆ. ಅಂಕಿ ಗೊತ್ತಿಲ್ಲದಿದ್ದರೆ ಗೊತ್ತು ಮಾಡಿಕೊಂಡು ಆಮೇಲೆ ಕಳಿಸುತ್ತೇನೆ. ಕಳಿಸಿದ ಮೇಲೆ ಓದಿದವರಿಗೆ ಫೋನ್ ಮಾಡುತ್ತೇನೆ.

ಒಂದು ಸಲ ಕೂತು ಲೆಕ್ಕ ಹಾಕಿದೆ. ಫೆಬ್ರವರಿ 25ರ ರಾತ್ರಿ 8.40ರಿಂದ ನೂರು ಗಂಟೆ ಹಿಂದಕ್ಕೆ ಎಣಿಸಿದರೆ ಸಿಗುವುದು 21ರ ಸಂಜೆ. ಆ ಸಂದೇಶ ಹೋದ ದಿನವೇ. ಅದರಲ್ಲಿ "ಪ್ರತಿ 8 ಗಂಟೆಗೆ ಒಂದು ಸಲ ಆಫ್ ಮಾಡಿ ಆನ್ ಮಾಡಿ" ಅಂತ ಒಂದು ಸಾಲು ಇದ್ದಿದ್ದರೆ, ಅಲ್ಲಿಂದ ಆ ರಾತ್ರಿಯವರೆಗೆ ಹನ್ನೆರಡು ಸಲ ಆಗುತ್ತಿತ್ತು. ಒಂದೊಂದಕ್ಕೆ 90 ಸೆಕೆಂಡ್ ಹಿಡಿದರೂ ನಾಲ್ಕು ದಿನಕ್ಕೆ ಒಟ್ಟು ಹದಿನೆಂಟು ನಿಮಿಷ.